ಅತ್ತಿಗೆಗೆ ಬಂದ ಬಣ್ಣ

ಮೊನ್ನೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೂಗಿಗೆ ಹುರಿದ ರಾಗಿಯ ವಾಸನೆ ಬಡಿಯಿತು. ಎದ್ದು ಹೋಗಿ ನೋಡಿದರೆ ಮೊಮ್ಮಗಳು ಬಾಣಲೆಯ ಮುಂದೆ ನಿಂತಿದ್ದಾಳೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯಂತೆ. ಅದರ ಜೊತೆಗೆ ಕರಿ ಎಳ್ಳು, ನುಗ್ಗೆಸೊಪ್ಪಿನ ಪುಡಿ, ಬೆಲ್ಲ. "ಇದನ್ನ ದಿನಾ ಕುಡಿದ್ರೆ ಚರ್ಮಕ್ಕೆ ಕಾಂತಿ ಬರುತ್ತಂತೆ ಅಜ್ಜಿ, ಕೂದಲಿಗೂ ಒಳ್ಳೇದಂತೆ" ಅಂದಳು. ಫೋನಿನಲ್ಲಿ ಯಾರೋ ಹೇಳಿದ್ದನ್ನು ನನಗೆ ಓದಿಯೂ ಹೇಳಿದಳು. ನಾನು ಉರಿ ಸಣ್ಣ ಮಾಡು, ಸೀದು ಹೋಗುತ್ತೆ ಅಂತ ಸುಮ್ಮಸುಮ್ಮನೆ ಗದರಿ ಹೊರಗೆ ಬಂದು ಕೂತೆ. ಅವಳಿಗೇನು ಗೊತ್ತು, ಪಾಪ. ಈ ರಾಗಿಯನ್ನೇ ಮುಟ್ಟಗೊಡದೆ ನಾವು ಒಬ್ಬಳನ್ನು ಕಳೆದುಕೊಂಡದ್ದು...

ಅತ್ತಿಗೆ ನಮ್ಮ ಮನೆಗೆ ಬಂದದ್ದು ನಯಾಪೈಸೆ ಹೊಸದಾಗಿ ಬಂದ ಕಾಲದಲ್ಲಿ. ಆಗ ನಾವು ಅಜ್ಜಂಪುರದಲ್ಲಿದ್ದೆವು. ಅಪ್ಪ ಸ್ಟೇಷನ್ ರಸ್ತೆಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ. ಊರಿನ ಅರ್ಧ ಮನೆಗಳಲ್ಲಿ ಹಬ್ಬಕ್ಕೆ ಮಾತ್ರ ಅನ್ನ ಮಾಡುವಾಗ ನಮ್ಮಲ್ಲಿ ಮೂರು ಹೊತ್ತೂ ಅನ್ನ. ಅದೂ ಎರಡೆರಡು ಸಲ ಮಿಷನ್ನಿಗೆ ಹಾಕಿ ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗೆ ಮಾಡಿದ ಅಕ್ಕಿ. ತೌಡೆಲ್ಲ ಎಮ್ಮೆಗೆ ಹೋಗುತ್ತಿತ್ತು. ಈಗ ಯೋಚಿಸಿದರೆ ಆ ಮನೆಯಲ್ಲಿ ನೆಟ್ಟಗೆ ಊಟ ಮಾಡುತ್ತಿದ್ದದ್ದು ಎಮ್ಮೆ ಒಂದೇ. ನಮ್ಮವ್ವನಿಗೆ ಮಾತ್ರ ಅದು ದೊಡ್ಡ ಹೆಮ್ಮೆ. ನಾವು ಮುದ್ದೆ ನುಂಗೋ ಜನ ಅಲ್ಲ ಅಂತ ಬಂದವರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದಳು.

ಅತ್ತಿಗೆ ಮುದ್ದೆ ಉಣ್ಣುವ ಮನೆಯಿಂದಲೇ ಬಂದವಳು. ಸಖರಾಯಪಟ್ಟಣದ ಹತ್ತಿರದ ಹಳ್ಳಿ. ಜಾತಕ ಕೂಡಿತ್ತು, ಮನೆತನ ಕೂಡಿತ್ತು, ಬಣ್ಣ ಒಂದು ಕೂಡಲಿಲ್ಲ. ನಾವೆಲ್ಲ ಬೆಳ್ಳಗೆ, ಅವಳು ಕಪ್ಪಗೆ. ಧಾರೆಯ ಮಂಟಪದಲ್ಲೇ ನಮ್ಮ ಕಡೆಯವರು ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡಿದ್ದು ನನಗೆ ಕೇಳಿಸಿತ್ತು. ಅವಳಿಗೂ ಕೇಳಿಸಿರಬೇಕು. ಆದರೆ ಆ ಕಪ್ಪಿನಲ್ಲಿ ಎಂಥ ಹೊಳಪಿತ್ತು ಅನ್ನುತ್ತೀರಿ. ಮುಖದಲ್ಲಿ ಒಂದು ಕಲೆ ಇಲ್ಲ, ಗುಳ್ಳೆ ಇಲ್ಲ. ಬಿಚ್ಚಿದರೆ ಮೊಣಕಾಲು ಮುಟ್ಟುವ ಕೂದಲು. ಗಿರಣಿಯಲ್ಲಿ ಆಳು ಇಲ್ಲದ ದಿನ ಅಕ್ಕಿ ಮೂಟೆಯನ್ನು ಅವಳೇ ಎಳೆದು ಮೂಲೆಗೆ ಹಾಕುತ್ತಿದ್ದಳು.

ನನಗೆ ಆಗ ಹದಿನಾರು. ಬೆಳ್ಳಗಿದ್ದೆ ನಿಜ, ಆದರೆ ಮುಖದ ತುಂಬ ಕೀವು ತುಂಬಿದ ಮೊಡವೆ. ಅವ್ವ ಚಂದನ ತೇಯ್ದು ಹಚ್ಚಿದಳು, ಕಡಲೆಹಿಟ್ಟು ಹಚ್ಚಿದಳು, ತರೀಕೆರೆಯಿಂದ ಡಬ್ಬಿಯ ಕ್ರೀಮೂ ತರಿಸಿದಳು. ಏನೂ ಆಗಲಿಲ್ಲ. ಅತ್ತಿಗೆ ಒಂದು ದಿನ ನನ್ನ ಗಲ್ಲ ಹಿಡಿದು ನೋಡಿ, "ಮೇಲೆ ಬಳ್ಕೊಂಡ್ರೆ ಏನಾಯ್ತದೆ, ಒಳಗೆ ಹೋಗ್ಬೇಕು ಕಣೇ" ಅಂದಳು. ಮಾರನೆಯ ದಿನದಿಂದ ಹಿತ್ತಲಿನ ಬೇಲಿಯಲ್ಲಿ ಸಿಕ್ಕಿದ ಸೊಪ್ಪನ್ನೆಲ್ಲ ತಂದು ಬೇಯಿಸಿ, ಅವ್ವನ ಕಣ್ಣು ತಪ್ಪಿಸಿ ನನ್ನ ತಟ್ಟೆಗೆ ಹಾಕತೊಡಗಿದಳು. ಅಣ್ಣೆಸೊಪ್ಪು, ಹೊನಗೊನೆ, ನುಗ್ಗೆ. ನೆಲ್ಲಿಕಾಯಿಯ ಚೂರಿಗೆ ಉಪ್ಪು ಸವರಿ ಕೊಡುತ್ತಿದ್ದಳು. ಸಂಜೆ ಕರಿದ ತಿಂಡಿಗೆ ಕೈ ಹಾಕಿದರೆ ಕೈ ಮೇಲೆ ಒಂದು ಏಟು. ಎರಡು ಮೂರು ತಿಂಗಳಿಗೆ ಮುಖ ತಿಳಿಯಾಯಿತು. ಅವ್ವ ಅದನ್ನು ಕ್ರೀಮಿನ ಲೆಕ್ಕಕ್ಕೆ ಹಾಕಿದಳು. ನಾನೂ ಬಾಯಿ ಬಿಡಲಿಲ್ಲ. ಬಿಡಬೇಕಾದಾಗ ಬಿಡದೆ, ಬಿಡಬಾರದಾಗ ಬಿಡುವುದು ನನ್ನ ಹಳೆಯ ಚಾಳಿ.

ಅತ್ತಿಗೆಗೆ ಮೂರು ತಿಂಗಳಾಗಿದೆ ಅಂತ ಗೊತ್ತಾದ ದಿನ ಅವ್ವ ಖುಷಿಪಟ್ಟದ್ದು ಅರ್ಧ ಗಳಿಗೆ. ಆಮೇಲೆ ಮಗುವಿಗೆ ತಾಯಿಯ ಬಣ್ಣ ಬಂದರೆ ಅನ್ನುವ ಚಿಂತೆ ಹತ್ತಿತು. ಬಸುರಿ ಕಪ್ಪಗಿರುವುದನ್ನು ತಿಂದರೆ ಹೊಟ್ಟೆಯ ಕೂಸು ಕಪ್ಪಗಾಗುತ್ತದೆ ಅಂತ ನಮ್ಮ ಕಡೆ ಹೇಳುತ್ತಿದ್ದರು. ಬೇರೆಯವರು ಹೇಳಿ ಮರೆಯುತ್ತಿದ್ದರು, ನಮ್ಮವ್ವ ಮಾಡಿ ತೋರಿಸಿದಳು. ರಾಗಿ ಬಂದಾಯಿತು. ಹುರುಳಿ, ಎಳ್ಳು, ಹುಚ್ಚೆಳ್ಳು, ನೇರಳೆಹಣ್ಣು, ಬದನೆಕಾಯಿ, ಕೊನೆಗೆ ಬೆಲ್ಲ ಕೂಡ ಬಂದಾಯಿತು. ಕಡು ಹಸಿರು ಸೊಪ್ಪು ಬೆಂದರೆ ಕಪ್ಪಗಾಗುತ್ತದಲ್ಲ, ಅದೂ ಬೇಡ. ಕಬ್ಬಿಣದ ಬಾಣಲೆಯನ್ನು ಅಟ್ಟಕ್ಕೆ ಎಸೆದಳು. ಉಳಿದದ್ದು ಬಿಳಿ ಅನ್ನ, ಹಾಲು, ಸಕ್ಕರೆ, ಸಬ್ಬಕ್ಕಿ, ಬೂದುಗುಂಬಳ. ಬೆಳಿಗ್ಗೆ ಸಂಜೆ ಹಾಲಿಗೆ ಎರಡು ಎಸಳು ಕೇಸರಿ. ನೋಡಿದವರು ಇಂಥ ಅತ್ತೆ ಯಾರಿಗೆ ಸಿಕ್ತಾಳೆ ಅನ್ನುತ್ತಿದ್ದರು. ನಿಜಕ್ಕೂ ಅವ್ವ ಒಂದು ಹೊತ್ತೂ ಬೇಸರಪಡದೆ ಕೈಯಾರೆ ಬಡಿಸಿದಳು. ಕೆಟ್ಟವಳಾಗಿದ್ದರೆ ನನಗೆ ಈಗ ಬೈಯಲು ಸಲೀಸಾಗುತ್ತಿತ್ತು.

ಐದನೇ ತಿಂಗಳಿರಬೇಕು. ಒಂದು ಮಧ್ಯಾಹ್ನ ನಾನು ಗಿರಣಿಯ ಹಿಂದೆ ಹೋದಾಗ, ಅಕ್ಕಿ ಕೇರಲು ಬರುತ್ತಿದ್ದ ಹೆಂಗಸಿನ ಪಕ್ಕದಲ್ಲಿ ಅತ್ತಿಗೆ ಕೂತಿದ್ದಳು. ಆ ಹೆಂಗಸಿನ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದುಕೊಂಡು, ಹುಚ್ಚೆಳ್ಳು ಚಟ್ನಿಗೆ ಅದ್ದಿ, ತಲೆ ಎತ್ತದೆ ತಿನ್ನುತ್ತಿದ್ದಳು. ಅಷ್ಟು ಅವಸರದಲ್ಲಿ ಅವಳು ಉಣ್ಣುವುದನ್ನು ನಾನು ನೋಡಿರಲಿಲ್ಲ. ಸಂಜೆ ಅವ್ವನಿಗೆ ಹೇಳಿದೆ. ಯಾಕೆ ಹೇಳಿದೆನೋ... ಮಗುವಿನ ಒಳ್ಳೆಯದಕ್ಕೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವ್ವ ನನ್ನನ್ನು ಹೊಗಳಲಿ ಅಂತ ಹೇಳಿದೆ, ಅಷ್ಟೇ. ಹೊಗಳಿದಳು ಕೂಡ.

ಕೇರುವ ಹೆಂಗಸಿಗೆ ನಾಳೆಯಿಂದ ಬರಬೇಡ ಅಂತಾಯಿತು. ಅತ್ತಿಗೆಯ ಊಟ ಇನ್ನು ಮೇಲೆ ಅವ್ವನ ಎದುರಿಗೇ ಅಂತಾಯಿತು. ನಾನು ಚಾಡಿ ಹೇಳಿದ್ದು ಅತ್ತಿಗೆಗೆ ಗೊತ್ತಾಗಿತ್ತು. ಎರಡು ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದೆ. ಮೂರನೆಯ ದಿನ ನನ್ನ ಜಡೆ ಹಾಕುತ್ತಾ, ಬೈಯದೆ, ಮೆಲ್ಲಗೆ, "ಹಸಿವಾಗಿತ್ತು ಕಣೇ" ಅಂದಳು. ಅಷ್ಟೇ ಅಂದಳು. ಮೂರು ಹೊತ್ತೂ ಹೊಟ್ಟೆ ತುಂಬ ಬಡಿಸಿಕೊಳ್ಳುವವಳಿಗೆ ಹಸಿವೆಂಥದ್ದು ಅಂತ ನನಗೆ ಅರ್ಥವೇ ಆಗಲಿಲ್ಲ.

ಏಳನೇ ತಿಂಗಳ ಹೊತ್ತಿಗೆ ಅತ್ತಿಗೆ ಬದಲಾದಳು. ಮೊದಲು ಉಗುರು ಬೆಳ್ಳಗಾಯಿತು. ಆಮೇಲೆ ತುಟಿ. ಆಮೇಲೆ ಮುಖದಿಂದ ಆ ಕಪ್ಪಿನ ಮಿಂಚು ಹೋಗಿ, ಹಳದಿ ಬೆರೆತ ಒಂದು ಬಿಳುಪು ಬಂತು. ನೀರಿನ ಕೊಡ ಎತ್ತಿದರೆ ಏದುಸಿರು. ಜಗುಲಿಯಿಂದ ಹಿತ್ತಲಿಗೆ ಹೋಗಬೇಕಾದರೆ ನಡುವೆ ಒಂದು ಸಲ ಕೂರುತ್ತಿದ್ದಳು. ಗೋಡೆಯ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನನ್ನ ಬಳಪದ ಚೂರುಗಳೂ ಮಾಯವಾಗುತ್ತಿದ್ದವು. ಬಸುರಿಯ ಬಯಕೆ ಅಂತ ನಾವೆಲ್ಲ ನಕ್ಕೆವು. ಅವ್ವನಂತೂ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿ, ಉಗುರು ನೋಡು, ಮುತ್ತಾಗೈತೆ, ತಿಂದದ್ದು ಮೈಗೆ ಹತ್ತಿದೆ ಅಂತ ಪಕ್ಕದ ಮನೆಯವರಿಗೆ ತೋರಿಸಿದಳು.

ಸೀಮಂತಕ್ಕೆ ಬಂದ ಹೆಂಗಸರೆಲ್ಲ ಬಾಯಿ ಮೇಲೆ ಬೆರಳಿಟ್ಟರು. "ಅದೇ ಹುಡುಗೀನಾ ಕಣೇ? ಏನು ಬೆಳ್ಳಗಾಗವಳೆ. ಏನು ಕಳೆ ಬಂದೈತೆ." ಧಾರೆಯ ದಿನ ಸೆರಗು ಅಡ್ಡ ಹಿಡಿದವರೇ ಈಗ ದೃಷ್ಟಿ ತೆಗೆದರು. ನಮ್ಮಣ್ಣ, ಮದುವೆಯಾದ ಮೇಲೆ ಅವಳ ಮುಖವನ್ನು ನೆಟ್ಟಗೆ ನೋಡದಿದ್ದವನು, ಆವತ್ತು ಬಾಗಿಲ ಹತ್ತಿರ ನಿಂತು ನೋಡಿದ್ದೇ ನೋಡಿದ್ದು. ಅತ್ತಿಗೆ ಅದನ್ನು ಕಂಡಳು. ಆರತಿ ಮುಗಿದು ಎಲ್ಲರೂ ಊಟಕ್ಕೆ ಕೂತಾಗ ಅವಳು ಒಬ್ಬಳೇ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತಿದ್ದಳು. ಒಂದು ಕೈ ಗೋಡೆಗೆ ಕೊಟ್ಟುಕೊಂಡಿದ್ದಳು, ನಿಲ್ಲಲು ಆಗುತ್ತಿರಲಿಲ್ಲ. ಆದರೂ ನಗುತ್ತಿದ್ದಳು.

ಅವಳ ಅಪ್ಪನೂ ಸೀಮಂತಕ್ಕೆ ಅಂತ ಕಡೂರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಇಳಿದಿದ್ದರು. ಮೊದಲ ಹೆರಿಗೆ ತವರಲ್ಲಿ ಆಗಬೇಕಲ್ಲ, ಕರೆದುಕೊಂಡು ಹೋಗಲು ಬಂದಿದ್ದರು. ಹುರಿಹಿಟ್ಟು, ಎಳ್ಳುಂಡೆ ಕಟ್ಟಿಸಿಕೊಂಡು ತಂದಿದ್ದರು. ಮಗಳ ಮುಖ ನೋಡಿದವರೇ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟರು. "ಯಾಕವ್ವಾ, ಇಂಗೆ ಬಿಳಿಚ್ಕಂಡಿದೀಯಾ?" ಇಡೀ ಮನೆಯಲ್ಲಿ ಅಷ್ಟು ಜನರ ನಡುವೆ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅವ್ವನಿಗೆ ಅದು ಹಿಡಿಸಲಿಲ್ಲ. ತವರಿಗೆ ಕಳಿಸಿದರೆ ಎರಡು ತಿಂಗಳು ಮುದ್ದೆ ತಿನ್ನಿಸಿ ಇಷ್ಟು ದಿನದ ಕಷ್ಟವನ್ನೆಲ್ಲ ನೀರುಪಾಲು ಮಾಡುತ್ತೀರಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಆ ಮುದುಕರು ಮಗಳ ಕಡೆ ತಿರುಗಿ, ನೀನೇ ಹೇಳವ್ವ ಅಂದರು. ಅತ್ತಿಗೆ ಅವರ ಮುಖ ನೋಡಲಿಲ್ಲ. "ಇಲ್ಲೇ ಇರ್ತೀನಿ ಅಪ್ಪಾ. ನೀನು ಹೋಗು" ಅಂದಳು. ಅವರು ತಂದ ಗಂಟು ಅಟ್ಟಕ್ಕೆ ಹೋಯಿತು.

ಮುದುಕರು ಸ್ಟೇಷನ್ನಿಗೆ ಹೊರಟಾಗ ಕಳಿಸಿ ಬರಲು ನಾನು ಜೊತೆಗೆ ಹೋದೆ. ರೈಲು ಹತ್ತುವಾಗ, "ಅವಳಿಗೆ ಒಂದೀಟು ಏನಾರಾ ಕೊಡವ್ವಾ" ಅಂದರು. ಆ ಮಾತು ನನ್ನನ್ನು ಬಿಡಲಿಲ್ಲ. ಮಾರನೆಯ ದಿನ ಅವ್ವ ಸ್ನಾನಕ್ಕೆ ಹೋದಾಗ ಹಿಂದಿನ ಬೀದಿಯ ಒಂದು ಮನೆಯಲ್ಲಿ ಬಿಸಿ ಮುದ್ದೆ, ಸೊಪ್ಪಿನ ಸಾರು ಕೇಳಿ ತಂದು, ಬಾಗಿಲು ಹಾಕಿಕೊಂಡು ಅತ್ತಿಗೆಯ ಮುಂದೆ ಇಟ್ಟೆ. ನನ್ನ ತಪ್ಪು ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಅವಳು ಬಗ್ಗಿ ವಾಸನೆ ತೆಗೆದುಕೊಂಡಳು. ಕಣ್ಣಲ್ಲಿ ನೀರು ಬಂತು. ಆಮೇಲೆ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದಳು.

"ಬ್ಯಾಡ ಕಣೇ. ಈಗ ತಾನೇ ಎಲ್ಲಾರೂ ಚೆಂದ ಅಂತಾವರೆ. ನಿಮ್ಮಣ್ಣನೂ... ಕೆಡಿಸ್ಬ್ಯಾಡ."

ನಾನು ಇನ್ನೊಂದು ಸಲ ಹೇಳಬಹುದಿತ್ತು. ತುತ್ತು ಮಾಡಿ ಬಾಯಿಗೆ ಇಡಬಹುದಿತ್ತು, ನನಗೆ ಅವಳು ಹಾಗೆ ಎಷ್ಟು ಸಲ ಇಟ್ಟಿರಲಿಲ್ಲ. ಮುದ್ದೆಯನ್ನು ಎಮ್ಮೆಯ ಬಾನಿಗೆ ಹಾಕಿ ಬಂದೆ.

ಹೆರಿಗೆ ಒಂದು ಬೆಳಿಗ್ಗೆ ಆಯಿತು. ಹೆಣ್ಣು ಮಗು. ಹೆರಿಗೆ ಕಷ್ಟದ್ದೇನಾಗಿರಲಿಲ್ಲ ಅಂತ ಸೂಲಗಿತ್ತಿ ಆಮೇಲೂ ಹೇಳುತ್ತಿದ್ದಳು. ಬೇರೆ ಯಾರಿಗಾದರೂ ಹೋಗುವಷ್ಟೇ ರಕ್ತ ಹೋಯಿತು, ಆದರೆ ಅತ್ತಿಗೆಯ ಮೈಯಲ್ಲಿ ಹೋಗಲು ರಕ್ತವೇ ಇರಲಿಲ್ಲ. ಗಿರಣಿಗೆ ಭತ್ತ ತಂದಿದ್ದ ಲಾರಿಯಲ್ಲಿ ಹುಲ್ಲು ಹಾಸಿ ತರೀಕೆರೆಯ ಆಸ್ಪತ್ರೆಗೆ ಒಯ್ದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅಲ್ಲಿದ್ದ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಏನು ಊಟ ಕೊಡ್ತಿದ್ರಿ ಅಂತ ಕೇಳಿದರು. ಅವ್ವ ಅಂಥ ಹೊತ್ತಿನಲ್ಲೂ ಒಂದೊಂದಾಗಿ ಹೇಳಿದಳು. ಬಿಳಿ ಅನ್ನ, ಹಾಲು, ಸಕ್ಕರೆ, ಕೇಸರಿ. ಒಂದು ದಿನಾನೂ ಕಡಿಮೆ ಮಾಡಿಲ್ಲ, ನೋಡಿ ಹೇಗೆ ಬಣ್ಣ ಬಂದಿದೆ ಅಂದಳು. ಡಾಕ್ಟರಮ್ಮ, "ಇದು ಬಣ್ಣ ಅಲ್ಲಮ್ಮ. ಇವರಿಗೆ ರಕ್ತ ಇಲ್ಲ" ಅಂದರು. ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಯಿತು.

ಅವ್ವ ಆಮೇಲೆ ಬಹಳ ವರ್ಷ ಬದುಕಿದಳು. ಕೇಳಿದವರಿಗೆಲ್ಲ, ಅಂಗೈಯಲ್ಲಿಟ್ಟುಕೊಂಡು ಸಾಕಿದ್ದೆ, ಆಯಸ್ಸು ಇರಲಿಲ್ಲ ಅನ್ನುತ್ತಿದ್ದಳು. ಪಕ್ಕದಲ್ಲಿ ಕೂತ ನಾನು ತಲೆ ಆಡಿಸುತ್ತಿದ್ದೆ. ಮಗು ತಾಯಿಯ ಹಾಗೆ ಕಪ್ಪಗೆ, ಗುಂಡುಗುಂಡಾಗಿತ್ತು. ತಾಯಿಯ ಮೈಯಲ್ಲಿದ್ದದ್ದನ್ನೆಲ್ಲ ಅದೇ ಹೀರಿಕೊಂಡಿತ್ತು. ಅತ್ತಿಗೆಯ ಅಪ್ಪ ಬಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದರು. ನಮ್ಮ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ವರ್ಷ ತುಂಬುವ ಮೊದಲೇ ಅಣ್ಣನಿಗೆ ಬೆಳ್ಳಗಿನ ಹುಡುಗಿ ಬಂದಳು.

ಆ ಮಗುವಿಗೆ ಈಗ ಅರವತ್ತು ದಾಟಿದೆ. ಸಖರಾಯಪಟ್ಟಣದ ಕಡೆಯೇ ಮದುವೆಯಾಗಿ, ಮೊಮ್ಮಕ್ಕಳನ್ನೂ ಕಂಡಿದ್ದಾಳೆ. ವರ್ಷಕ್ಕೊಂದು ಸಲ ನಾನೀಗ ಇರುವ ಕಡೂರಿಗೆ ಬಂದು ನನ್ನನ್ನು ನೋಡಿಕೊಂಡು ಹೋಗುತ್ತಾಳೆ. ಈ ವಯಸ್ಸಿನಲ್ಲೂ ಮುಖದಲ್ಲಿ ಒಂದು ಸುಕ್ಕಿಲ್ಲ, ಮಿಂಚುತ್ತಾಳೆ. ಆದರೆ ಪೌಡರು ಬಳಿದುಕೊಳ್ಳದೆ ಹೊಸಿಲು ದಾಟುವುದಿಲ್ಲ. ನೆನ್ನೆ ಬಂದಿದ್ದಳು. ಮಾತಿನ ನಡುವೆ ಚೀಲದಿಂದ ಒಂದು ಹಳೆಯ ಫೋಟೋ ತೆಗೆದು ತೋರಿಸಿದಳು. ಸೀಮಂತದ ದಿನ ತೆಗೆಸಿದ್ದು. ಅತ್ತಿಗೆಯದು ಅಂತ ಉಳಿದಿರುವುದು ಅದೊಂದೇ.

"ನಮ್ಮವ್ವ ಎಷ್ಟು ಬೆಳ್ಳಗಿದ್ರು ನೋಡಿ ಅತ್ತೆ. ನಾನು ಯಾರ ಥರ ಹುಟ್ಟಿದ್ನೋ."

"ನಿಮ್ಮವ್ವನ ಥರಾನೇ ಕಣೇ. ಅವಳೂ ನಿನ್ನ ಬಣ್ಣವೇ" ಅಂದೆ.

ಅವಳು ನಕ್ಕಳು. "ನಮ್ಮ ತಾತನೂ ಹಿಂಗೇ ಹೇಳ್ತಿದ್ರು. ನನ್ನ ಸಮಾಧಾನಕ್ಕೆ ಹೇಳ್ತೀರ ಬಿಡಿ, ನಂಗೆ ಗೊತ್ತಿಲ್ವಾ."

ಅಲ್ಲ ಅನ್ನಬೇಕಾದರೆ ಎಲ್ಲವನ್ನೂ ಹೇಳಬೇಕಿತ್ತು. ಗಿರಣಿಯ ಹಿಂದೆ ನಾನು ಕಂಡದ್ದರಿಂದ ಹಿಡಿದು. ಎಲೆ ಅಡಿಕೆಯ ತಟ್ಟೆಯನ್ನು ಅವಳ ಕಡೆ ಸರಿಸಿದೆ. ಅವಳು ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು, ಫೋಟೋವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡು, ಬಾಗಿಲ ಪಕ್ಕದ ಕನ್ನಡಿಯಲ್ಲಿ ಮುಖಕ್ಕೆ ಇನ್ನೊಂದಿಷ್ಟು ಪೌಡರು ಹಚ್ಚಿಕೊಂಡು ಹೋದಳು.