ತಾಮ್ರದ ಸಿಪ್ಪೆಯೊಳಗಿನ ಸೀಸ

ತಾಮ್ರದ ಬಣ್ಣ ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಪೂಜೆಯ ಚೊಂಬಿನ ಮೇಲೂ ಸಿಟ್ಟು ಮಾಡಿಕೊಳ್ಳುವ ಮನುಷ್ಯ ಎಂದು ಹೆಂಡತಿ ನಗುತ್ತಾಳೆ. ನಗಲಿ. ಅವಳ ತಮ್ಮನ ರೈಫಲ್ಲಿಗೆ ಸೀಸವಿಲ್ಲದ ಗುಂಡು ಹುಡುಕಲು ಹೋಗಿ ನಾನು ಮೂರ್ಖನಾದದ್ದು ಅವಳಿಗೆ ಗೊತ್ತಿದೆ. ಯಾರು ನನ್ನನ್ನು ಮೂರ್ಖನನ್ನಾಗಿ ಮಾಡಿದರು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ.

ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳನ್ನು ಲಾರಿಗೆ ತುಂಬಿ, ಬಂದರಿಗೆ ಒಯ್ದು, ಹಡಗು ಹತ್ತಿಸುತ್ತಿದ್ದ ಕಾಲ ಅದು. ಹೊಸಪೇಟೆಯ ಬೈಪಾಸಿನಲ್ಲಿ ನನ್ನದೊಂದು ಬ್ಯಾಟರಿ ಅಂಗಡಿಯಿತ್ತು. ಟಿಪ್ಪರುಗಳ ಸತ್ತ ಬ್ಯಾಟರಿ ಬಿಚ್ಚುವುದು, ಒಳಗಿನ ಸೀಸದ ಪ್ಲೇಟು ಬದಲಿಸುವುದು, ಹಳೆಯ ಸೀಸ ಕರಗಿಸಿ ಗಟ್ಟಿ ಹೊಯ್ದು ಮಾರುವುದು ನನ್ನ ಕಸುಬು. ಒಮ್ಮೆ ಕೈ ನಡುಗುತ್ತದೆ, ಹೊಟ್ಟೆ ನುಲಿಯುತ್ತದೆ ಎಂದು ಡಾಕ್ಟರ ಬಳಿ ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಮೈಯೊಳಗೆ ಸೀಸ ಸೇರಿದೆ ಎಂದರು. ಅಂಗಡಿಯ ಬಟ್ಟೆಯಲ್ಲಿ ಮನೆಯೊಳಗೆ ಹೋಗಬೇಡಿ, ಬಸುರಿಯರು ಇದ್ದರಂತೂ ಹತ್ತಿರವೂ ಸುಳಿಯಬೇಡಿ, ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೆ ಈ ಸೀಸ ಹೋಗಿ ಕೂಡುತ್ತದೆ ಎಂದೂ ಹೇಳಿದರು. ಮೊದಲೇ ನಾನು ಚಿಂತೆಯ ಮನುಷ್ಯ. ಅವತ್ತಿನಿಂದ ದಿನವೂ ಸಂಜೆ ಹಿತ್ತಲಲ್ಲೇ ಬಟ್ಟೆ ಕಳಚಿ, ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬರತೊಡಗಿದೆ. ಹೊಸದಾಗಿ ಬಾಡಿಗೆಗೆ ಬಂದ ಪಕ್ಕದ ಮನೆಯಾಕೆ, “ನಿಮ್ಮ ಯಜಮಾನ್ರ ಕಡಿ ದಿನಾ ಯಾರರ ತೀರ್ಕೊಂತಾರೇನ್ರಿ?” ಎಂದು ಹೆಂಡತಿಯನ್ನು ಕೇಳಿದಳಂತೆ.

ಅಂಥ ಹೊತ್ತಿನಲ್ಲಿ ಮಗಳು ಚೊಚ್ಚಲ ಬಸುರಿಯಾಗಿ ಕಂಪ್ಲಿಯ ಗಂಡನ ಮನೆಯಿಂದ ಕುಬಸಕ್ಕೆ, ಅಂದರೆ ಸೀಮಂತದ ಶಾಸ್ತ್ರಕ್ಕೆ, ಬಂದಳು.

ನಮ್ಮ ಬಳಗದಲ್ಲಿ ಒಂದು ಪದ್ಧತಿ ಇತ್ತು. ಕುಬಸದ ಮರುದಿನ ಸೋದರಮಾವ ತಾನೇ ಬೇಟೆ ಹೊಡೆದು ತರಬೇಕು, ಪೆಟ್ಟು ಬಿದ್ದ ಜಾಗದ ಸುತ್ತಲಿನ ಮಾಂಸವನ್ನು ಬಸುರಿಗೆ ಉಣ್ಣಿಸಬೇಕು. ಸಾಯುವ ಪ್ರಾಣಿಯ ಕಸುವೆಲ್ಲ ಆ ಜಾಗಕ್ಕೆ ಬಂದು ನಿಲ್ಲುತ್ತದೆ ಎಂಬ ನಂಬಿಕೆ. ಇದು ಈಟಿಯ ಕಾಲದ ಪದ್ಧತಿ. ಈಟಿ ಇಡಿಯಾಗಿ ಒಳಗೆ ಹೋಗಿ ಇಡಿಯಾಗಿ ಹೊರಗೆ ಬರುತ್ತದೆ. ಗುಂಡು ಹಾಗಲ್ಲ ಎಂಬ ಸಂಗತಿಯನ್ನು ಯಾರೂ ಪದ್ಧತಿಗೆ ತಿಳಿಸಿರಲಿಲ್ಲ.

ಮಗಳ ಸೋದರಮಾವ, ಅಂದರೆ ನನ್ನ ಹೆಂಡತಿಯ ತಮ್ಮ, ಕಲ್ಲು ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟು ದೊಡ್ಡವನಾದವನು. ಮೊದಲು ಟಿಪ್ಪರು ಬಂದವು, ಆಮೇಲೆ ಮನೆಯಷ್ಟು ಎತ್ತರದ ಜೀಪು, ಅದರ ಹಿಂದೆಯೇ ದುರ್ಬೀನು ಹಾಕಿದ ರೈಫಲ್ಲು. ಹಂಪಿ ದಾಟಿ ಕಂಪ್ಲಿಯ ರಸ್ತೆಯಲ್ಲಿ ಅವನ ಕಬ್ಬಿನ ಹೊಲವೊಂದು ಉಳಿದಿತ್ತು. ಅದನ್ನು ಹಂದಿಗಳು ಲೂಟಿ ಮಾಡುತ್ತಿದ್ದವು. ಹೊಡೆಯಲು ಅನುಮತಿಯ ಕಾಗದ ತಂದಿದ್ದ. ಹೊಡೆದ ಹಂದಿಯನ್ನು ತಿನ್ನುವಂತಿಲ್ಲ ಎಂದೂ ಆ ಕಾಗದದಲ್ಲಿ ಬರೆದಿತ್ತು. ಅಷ್ಟು ಕೆಳಗಿನವರೆಗೆ ನಮ್ಮ ಕಡೆಯವರು ಯಾರೂ ಓದುವುದಿಲ್ಲ.

ಅವನಿಗೆ ಹಂದಿಗಿಂತ ದೂರದ ಮೇಲೆ ವ್ಯಾಮೋಹ. ಬಂಡೆಯ ತುದಿಯಲ್ಲಿ ಚಾಪೆ ಹಾಸಿಕೊಂಡು ಮಲಗಿ, ಬರಿಗಣ್ಣಿಗೆ ಇರುವೆಯಂತೆ ಕಾಣುವ ಹಂದಿಯನ್ನು ಅಲ್ಲಿಂದಲೇ ಹೊಡೆಯಬೇಕು. ಹತ್ತಿರ ಹೋಗಿ ಹೊಡೆಯುವುದು ಬಡವರ ಕೆಲಸ ಎಂಬಂತೆ ಮಾತಾಡುತ್ತಿದ್ದ. ಅವನ ಗುಂಡಿನ ಮೂತಿ ಬೂದು ಬಣ್ಣದ್ದು. ನಾನು ನಿದ್ದೆಗಣ್ಣಲ್ಲೂ ಗುರುತಿಸಬಲ್ಲ ಬೂದು.

“ಲೇ, ಇದು ಸೀಸ. ಎಲುಬಿಗೆ ಬಡಿದ್ರ ಪುಡಿ ಆಗಿ ಮಾಂಸದಾಗ ಕುಂದರತೈತಿ,” ಎಂದೆ.

“ಭಾವ, ನಿಮಗ ಸೀಸದ ಹುಚ್ಚು ಹಿಡದೈತಿ ಬಿಡ್ರಿ. ಸೀಸದಕಡ್ಡಿ ಮುಟ್ಟಿದ್ರೂ ಕೈ ತೊಳಕೊಂತೀರಿ.”

“ಸೀಸದಕಡ್ಡಿಯಾಗ ಸೀಸ ಇರಂಗಿಲ್ಲಲೇ.”

“ಹಾಂ! ಅದೂ ಗೊತ್ತೈತಿ ನೋಡ್ರಿ ಇವ್ರಿಗೆ!”

ಅವನ ಜೀಪಿನಲ್ಲಿ ಹೊರದೇಶದ ಬೇಟೆ ಪತ್ರಿಕೆಗಳು ಬಿದ್ದಿರುತ್ತಿದ್ದವು. ಅವನು ಚಿತ್ರ ನೋಡುತ್ತಿದ್ದ. ಓದಿ ಹೇಳಿದವಳು ನನ್ನ ಮಗಳು. ಪೂರ್ತಿ ತಾಮ್ರದಲ್ಲೇ ಮಾಡಿದ ಗುಂಡು ಇರುತ್ತದಂತೆ. ಬಡಿದಾಗ ಮೂತಿ ಹೂವಿನ ಎಸಳಿನಂತೆ ಅರಳುತ್ತದೆ, ಪುಡಿಯಾಗುವುದಿಲ್ಲ. ಆದರೆ ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು, ಆ ಉದ್ದ ಎಲ್ಲ ನಳಿಗೆಗೂ ಒಗ್ಗುವುದಿಲ್ಲ. ಇನ್ನೊಂದು, ವೇಗವಿದ್ದಾಗಲೇ ಅದು ಅರಳುವುದು. ಬಹಳ ದೂರ ಹೋದರೆ ವೇಗ ಇಳಿದು, ಸೂಜಿ ಚುಚ್ಚಿದಂತೆ ತೂರಿ ಹೋಗುತ್ತದೆ. ಹಂದಿ ಗಾಯ ಹೊತ್ತು ಓಡಿ ಎಲ್ಲೋ ಕೊಳೆತು ಸಾಯುತ್ತದೆ.

“ಅಂದ್ರ ಹತ್ರ ಹೋಗಿ ಹೊಡಿಬೇಕು ಮಾವ,” ಎಂದಳು ಮಗಳು.

“ಹತ್ರ ಹೋಗಾಕ ದುರ್ಬೀನು ಯಾಕ ಬೇಕವ್ವ? ಕಣ್ಣಿಲ್ಲೇನು ನನಗ?” ಎಂದು ಅವನು ಮುಖ ದಪ್ಪ ಮಾಡಿಕೊಂಡ. ಆದರೂ ಸೋದರಸೊಸೆಯ ಮೇಲೆ ಜೀವ. ಅವಳು ಕೇಳಿಕೊಂಡಳೆಂದು, ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ನನ್ನ ಜೊತೆ ಬಂದೂಕಿನ ಅಂಗಡಿಗೆ ಬಂದ.

ಅಂಗಡಿಯ ಯಜಮಾನ ನಮ್ಮನ್ನು ಕೂರಿಸಿ ಚಹಾ ತರಿಸಿದ. “ಸೀಸ ಇಲ್ಲದ್ದ ಬೇಕ್ರಿ,” ಎಂದೆ. ಒಳಗೆ ಹೋಗಿ ಪೆಟ್ಟಿಗೆ ತಂದು ತೆರೆದ. ಮೂತಿಯಿಂದ ಬುಡದವರೆಗೆ ಥಳಥಳ ಹೊಳೆಯುವ ಗುಂಡುಗಳು.

“ಪೂರಾ ತಾಮ್ರ ನೋಡ್ರಿ. ಬೇಕಾದ್ರ ದೇವರ ಮುಂದ ಇಡ್ರಿ.”

ದಿನವಿಡೀ ಸೀಸದಲ್ಲೇ ಕೈಯಾಡಿಸುವ ನಾನು ಬಣ್ಣಕ್ಕೆ ಮರುಳಾದೆ. ಮದ್ದು ತುಂಬಿದ ಹಿತ್ತಾಳೆಯ ತೋಟೆಯೊಳಗೆ ಕೂತ ಗುಂಡನ್ನು ಅಂಗೈಯಲ್ಲಿ ತೂಗಿ ನೋಡಲು ಬರುವುದಿಲ್ಲ ಎಂಬುದು ನನ್ನ ನೆಪ. ಮನೆಗೆ ಬಂದು ಹೆಂಡತಿಗೆ, ಮಗಳಿಗೆ, ಆ ಪಕ್ಕದ ಮನೆಯಾಕೆಗೂ ಉಪನ್ಯಾಸ ಕೊಟ್ಟೆ. ಬಹಳ ದಿನಗಳ ನಂತರ ಕಣ್ತುಂಬ ನಿದ್ದೆ ಬಂತು.

ನಿದ್ದೆ ಬಂದದ್ದೇ ನನಗೆ ಅನುಮಾನಕ್ಕೆ ಕಾರಣವಾಯಿತು. ನನ್ನಂಥವನಿಗೆ ಅಷ್ಟು ಸುಲಭವಾಗಿ ನೆಮ್ಮದಿ ಸಿಗುವುದುಂಟೆ? ಹೊಸ ಗುಂಡು ನಳಿಗೆಗೆ ಒಗ್ಗುತ್ತದೋ ಇಲ್ಲವೋ ನೋಡಲು ಭಾವಮೈದುನ ತನ್ನ ಹೊಲದ ಮಣ್ಣಿನ ದಿಬ್ಬಕ್ಕೆ ಹೊಡೆದ ದಿನ ನಾನೂ ಹೋದೆ. ಅವನು ತೃಪ್ತಿಯಿಂದ ಚಾಪೆ ಸುತ್ತುತ್ತಿದ್ದಾಗ ನಾನು ಸಲಿಕೆ ಹಿಡಿದು ದಿಬ್ಬ ಅಗೆದೆ. ಗುಂಡು ಸಿಕ್ಕಿತು. ತಾಮ್ರ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಿಂದಕ್ಕೆ ಮಡಚಿತ್ತು. ಒಳಗೆ ಹರಿದು ಚೂರಾಗಿ ಉಳಿದದ್ದು ಅದೇ ಬೂದು, ಅದೇ ಸೀಸ. ನನ್ನ ಅಂಗಡಿಯಿಂದಲೇ ಹೋಗಿರಬಹುದಾದಷ್ಟು ಪರಿಚಿತ ಸೀಸ.

ಬಟ್ಟೆಯ ಮಣ್ಣೂ ಕೊಡವದೆ ಬಂದೂಕಿನ ಅಂಗಡಿಗೆ ಹೋದೆ.

“ಪೂರಾ ತಾಮ್ರ ಅಂದ್ರಲ್ರೀ?”

ಯಜಮಾನ ಗುಂಡನ್ನು ತಿರುಗಿಸಿ ನೋಡಿದ. “ಮ್ಯಾಲ ಪೂರಾ ತಾಮ್ರನ ಐತಲ್ರಿ. ಒಳಗಿಂದು ನೀವು ಕೇಳಲಿಲ್ಲ.”

“ಚೀಲದಾಗ ಉಸುಕು ತುಂಬಿ, ಮ್ಯಾಲ ಒಂದು ಮುಷ್ಟಿ ಅಕ್ಕಿ ಹಾಕಿ ಮಾರಿದ್ರ ಸುಮ್ನ ಇರ್ತೀರೇನ್ರಿ ನೀವು?”

“ಯಾಕ ಕೂಗ್ತೀರಿ? ಒಳಗೂ ತಾಮ್ರ ಇರೋದು ಹೊರದೇಶದಾಗ ಸಿಗತೈತಿ. ನಮ್ಮ ಅಂಗಡಿಗೆ ಬರಂಗಿಲ್ಲ. ಅಷ್ಟು ಹೆದರೋರು ನೀವು ಬ್ಯಾಟರಿ ಯಾಪಾರ ಬಿಟ್ಟೀರೇನು?”

ಅಂಗಡಿಯಲ್ಲಿದ್ದವರು ನಕ್ಕರು. ಗುಂಡನ್ನು ಅವನ ಕೈಯಿಂದ ಕಿತ್ತುಕೊಂಡು ಹೊರಬಿದ್ದೆ. ಉತ್ತರಗಳು ದಾರಿಯುದ್ದಕ್ಕೂ ಹೊಳೆದವು, ಒಂದಕ್ಕಿಂತ ಒಂದು ಖಾರವಾಗಿ. ನಮ್ಮ ಗುಡ್ಡದ ಗುಡ್ಡವೇ ಹೊರದೇಶಕ್ಕೆ ಹೋಗಬಹುದು, ಅಲ್ಲಿಂದ ಬೆರಳುದ್ದ ತಾಮ್ರ ಈ ಕಡೆ ಬರಲಾರದು. ಹೊರಗೆ ಹೊಳೆಯುವುದೇ ಸಾಕು ಎನ್ನುವ ಕಾಲ. ಅದಿರಿನ ಹಣದಲ್ಲಿ ಎದ್ದ ಮನೆಗಳ ಮುಂಭಾಗಕ್ಕೆ ಮಾತ್ರ ಗ್ರಾನೈಟು, ಹಿಂದಿನ ಗೋಡೆಗೆ ಗಿಲಾವೂ ಇಲ್ಲ. ಗುಂಡಿಗೇನು ಬಂತು! ನನ್ನ ಸಿಟ್ಟನ್ನು ಕೇಳಿಸಿಕೊಳ್ಳಲು ರಸ್ತೆಯಲ್ಲಿದ್ದದ್ದು ಟಿಪ್ಪರುಗಳ ಸಾಲು ಮಾತ್ರ, ಅವು ಹಾರ್ನು ಹೊಡೆದವು.

ಭಾವಮೈದುನನಿಗೆ ಎಲ್ಲವನ್ನೂ ಹೇಳಿದೆ. ಸೀಸವಿಲ್ಲದ ಗುಂಡು ಸಿಗುವವರೆಗೆ ಮಗಳಿಗೆ ಬೇಟೆ ಬೇಡ ಎಂದೆ. “ಆತು ಬಿಡ್ರಿ ಭಾವ,” ಎಂದ. ಅವನ “ಆತು ಬಿಡ್ರಿ” ಎಂದರೆ ಆಗಲಿಲ್ಲ ಎಂದೇ ಅರ್ಥ ಎನ್ನುವುದು ನನಗೆ ತಿಳಿದಿರಬೇಕಿತ್ತು.

ಕುಬಸದ ಮರುದಿನ ಬೆಳಗ್ಗೆ ಜೀಪು ಬಾಗಿಲಿಗೆ ಬಂತು. ಬಾಳೆಲೆ ಮುಚ್ಚಿದ ಪಾತ್ರೆ ಹಿಡಿದು ಇಳಿದ. ನಸುಕಿನಲ್ಲಿ ಬಂಡೆಯ ಮೇಲಿಂದ ಹೊಡೆದನಂತೆ. ಇಷ್ಟು ದೂರದಿಂದ ಈ ತಾಲೂಕಿನಲ್ಲಿ ಯಾರೂ ಹೊಡೆದಿಲ್ಲವಂತೆ. “ಅಕ್ಕಾ, ಭುಜದ ಮಾಂಸ, ಸರಿಯಾಗಿ ಗುಂಡು ಬಿದ್ದ ಜಾಗ. ಸೊಸಿಗೆ ಜಲ್ದಿ ಮಾಡಿ ಹಾಕು,” ಎಂದು ಹೆಂಡತಿಯ ಕೈಗೆ ಕೊಟ್ಟ. ನಾನು ಪಾತ್ರೆ ಕಸಿದುಕೊಂಡೆ.

“ಶುಭ ದಿನದಾಗ ಏನ್ರಿ ಇದು ನಿಮ್ದು!” ಎಂದಳು ಹೆಂಡತಿ.

ಬ್ಯಾಟರಿಯ ತಳದಲ್ಲಿ ಕೂಡುವ ಕೆಸರಿನಂಥ ರಾಡಿಯಿಂದ ಸೀಸದ ಕಣ ಬೇರೆ ಮಾಡಲು ನಾವು ಅಗಲ ತಟ್ಟೆಯಲ್ಲಿ ನೀರು ಹಾಕಿ ಆಡಿಸುತ್ತೇವೆ. ಹಗುರದ್ದು ನೀರಿನೊಡನೆ ಹೋಗುತ್ತದೆ, ಭಾರದ್ದು ತಳ ಹಿಡಿಯುತ್ತದೆ. ಹಿತ್ತಲಲ್ಲಿ ಕೂತು ಆ ಮಾಂಸವನ್ನು ಸಣ್ಣಗೆ ಕೊಚ್ಚಿ, ಹಿಸುಕಿ, ನೀರು ಸುರಿಯುತ್ತ ಹಾಗೆಯೇ ಆಡಿಸಿದೆ. ಮೂವರೂ ನಿಂತು ನೋಡುತ್ತಿದ್ದರು. ಕೆಂಪು ನೀರು ಹೋಗಿ, ಬಿಳಿ ನೀರು ಹೋಗಿ, ತಟ್ಟೆಯ ಮೂಲೆಯಲ್ಲಿ ರವೆಯಂಥ ಕಣಗಳು ಉಳಿದವು. ಒಂದೆರಡು ಸಾಸಿವೆಯಷ್ಟು ದಪ್ಪ. ದಪ್ಪನೆಯದೊಂದನ್ನು ಹಿಡಿದು ಸುಣ್ಣದ ಗೋಡೆಗೆ ತಿಕ್ಕಿದೆ. ಬೂದು ಗೆರೆ ಎದ್ದಿತು.

ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಭಾವಮೈದುನನ ಮುಖ ಕೆಂಪಾಯಿತು.

“ಅಂದ್ರ ನಾ ನನ್ನ ಸೊಸಿಗೆ ವಿಷ ತಂದೀನಿ ಅಂತೀರಿ?”

“ನೀ ಅಲ್ಲಪ. ನಿನ್ನ ಗುಂಡು.”

“ಗುಂಡು ನಂದ ಅಲ್ಲೇನು?”

ಈ ಮನುಷ್ಯನಿಗೆ ಇಷ್ಟಾದ ಮೇಲೂ ಅವಮಾನವಾದದ್ದು ತನಗೇ! ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಮುಂದೆ ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

“ಮಾವ, ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ಇದನ್ನ ನಾ ತಿನ್ನಂಗಿಲ್ಲ.”

“ಪದ್ಧತಿ ಐತವ್ವ,” ಎಂದಳು ಹೆಂಡತಿ, ದನಿಯಲ್ಲಿ ಬಲವಿಲ್ಲದೆ.

“ಪದ್ಧತಿ ಬೇಕಂದ್ರ ಈಟಿ ಹಿಡಕೊಂಡು ಹೋಗಿ ಹೊಡಕೊಂಡು ಬರ್ಲಿ. ಎರಡು ಸಲ ಹಾಕಿಸ್ಕೊಂಡು ತಿಂತೀನಿ.”

ಬಂಡೆಯ ಮೇಲೆ ಚಾಪೆ ಹಾಸುವವನು ಈಟಿ ಹಿಡಿದು ಹಂದಿಯ ಎದುರು ನಿಂತ ಚಿತ್ರ ನನ್ನ ಕಣ್ಣಿಗೆ ಕಟ್ಟಿ, ನಗಬಾರದ ಹೊತ್ತಿನಲ್ಲಿ ನಕ್ಕುಬಿಟ್ಟೆ. ಅವನು ಜೀಪು ಹತ್ತಿ, ಓಣಿಯ ಧೂಳನ್ನೆಲ್ಲ ನಮ್ಮ ಬಾಗಿಲಿಗೆ ಎಬ್ಬಿಸಿ ಹೋದ. ತಿಪ್ಪೆಗೆ ಎಸೆದರೆ ನಾಯಿಗಳು ತಿನ್ನುತ್ತವೆಂದು ಮಾಂಸವನ್ನು ಹಿತ್ತಲಲ್ಲಿ ಆಳವಾಗಿ ಹೂತೆ. ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ಸೋದರಮಾವನ ಕೈತುತ್ತು ತಪ್ಪಿದರೆ ಹೆರಿಗೆ ಹೇಗೆ ಎಂಬ ಚಿಂತೆ ಅವಳಿಗೆ. ಅಲ್ಲಿಯವರೆಗೆ ಆ ಮನೆಯಲ್ಲಿ ಚಿಂತೆಯ ಗುತ್ತಿಗೆ ನನ್ನದೊಬ್ಬನದೇ ಆಗಿತ್ತು.

ಮುಂದಿನ ವಾರ ಜೀಪು ಮತ್ತೆ ಬಂತು. ಅಷ್ಟು ದೊಡ್ಡ ಜೀಪಿನ ಮುಂದಿನ ಸೀಟಿನಲ್ಲಿ, ಕಾಲು ಕಟ್ಟಿಸಿಕೊಂಡ ಜವಾರಿ ಕೋಳಿಯೊಂದು ಯಜಮಾನನಂತೆ ಕೂತಿತ್ತು. ಭಾವಮೈದುನ ನನ್ನ ಮುಖ ನೋಡಲಿಲ್ಲ.

“ಅಕ್ಕಾ, ಇದಕ ಗುಂಡು ಮುಟ್ಟಿಲ್ಲ ಅಂತ ಭಾವಗ ಹೇಳು. ಬೇಕಾದ್ರ ನೀರಾಗ ಆಡಿಸಿ ನೋಡ್ಕೊಳ್ಳಲಿ.”

ಅವನೇ ಅಂಗಳದಲ್ಲಿ ಕೂತು ಕೋಳಿ ಕೊಯ್ದು ಹಸನು ಮಾಡಿದ, ಅವನೇ ಮೊದಲ ತುತ್ತು ಇಟ್ಟ. ಮಗಳು ಹೇಳಿದಂತೆ ಎರಡು ಸಲ ಹಾಕಿಸಿಕೊಂಡು ಉಂಡಳು. ಬಿಸಿ ರೊಟ್ಟಿ ಮುರಿದುಕೊಂಡು ನಾನೂ ಕೂತೆ. ಬಾಯಿಗೆ ಇಡುವ ಮುನ್ನ, ಈ ಕೋಳಿ ಯಾವ ತಿಪ್ಪೆ ಕೆದರಿ ಬೆಳೆದದ್ದು ಎಂದು ಕೇಳಬೇಕೆನಿಸಿತು. ಬೈಪಾಸಿನ ತಿಪ್ಪೆಗಳಿಗೆ ಬ್ಯಾಟರಿಯ ರಾಡಿ ಸುರಿಯುವ ಅಂಗಡಿಗಳು ಎಷ್ಟೋ ಇದ್ದವು, ಅದರಲ್ಲಿ ನನ್ನದೂ ಒಂದು. ಹೆಂಡತಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಮರುದಿನ ಅಂಗಡಿ ತೆರೆದವನೇ ಮೊದಲು ರಾಡಿ ತುಂಬಿಡಲು ಮುಚ್ಚಳವಿರುವ ಪೀಪಾಯಿ ತರಿಸಿದೆ.