ಜಿನಮತಿಯ ಲಕ್ಕಿ ತಪ್ಪಲ

ಸಾಂಗ್ಲಿ ಹತ್ತಿರದ ಕಸಬೆ ಡಿಗ್ರಜದಲ್ಲಿ ಯಾರ ಮೊಣಕಾಲು ಬಾತರೂ ಜಿನಮತಿಯ ಹಿತ್ತಿಲಿಗೆ ಬರುತ್ತಿದ್ದರು. ಬೇಲಿಯ ಲಕ್ಕಿ ತಪ್ಪಲ, ಅಂದರೆ ಸೊಪ್ಪು, ಕಿತ್ತು ಕುದಿಸಿ ಕಷಾಯ ಕೊಡುವುದನ್ನು ಅವಳು ತವರಿನಲ್ಲಿ ಕಲಿತಿದ್ದಳು. ಗಂಡ ಶಾಂತಿನಾಥ ಮಾತ್ರ ಹಂಗಿಸುತ್ತಿದ್ದ. "ನಿಮ್ಮಪ್ಪ ಬಂಗಾರ ಕೊಡಲಿಲ್ಲ, ಬೇಲಿ ಕೊಟ್ಟ ಕಳಿಸ್ಯಾನ."

ಹೋದ ವರ್ಷ ಮಿರಜದ ಒಂದು ಔಷಧ ಕಾಲೇಜಿನವರು ಸಂಧಿವಾತಕ್ಕೆ ಅದೇ ಸೊಪ್ಪನ್ನು ಪರೀಕ್ಷೆಗೆ ಹಚ್ಚಿದರು. ಕಷಾಯವೊಂದೇ ಕುಡಿಯಬೇಕು, ಬೇರೆ ಗುಳಿಗೆ ಮುಟ್ಟಬಾರದು, ಆಗಾಗ ತಪಾಸಣೆಗೆ ರಕ್ತ ಕೊಡಬೇಕು. ಶಾಂತಿನಾಥನ ಮೊಣಕಾಲೂ ಹಿಡಿದಿತ್ತು. ಅವನೇ ಮೊದಲು ಹೆಸರು ಬರೆಸಿದ. ಸ್ವಲ್ಪ ದಿನಕ್ಕೇ ಬಸದಿಯಲ್ಲಿ ಕಾಲು ಮಡಚಿ ಕುಳಿತ. ಊರು ನೋಡಿತು. ಜಿನಮತಿ ಹಿಗ್ಗಿದಳು.

ಭಾದ್ರಪದದ ಉಪವಾಸದ ಪರ್ವ ಬಂತು. ಅವನದು ಒಂದೇ ಹೊತ್ತು ಊಟ. ಒಂದು ಮುಂಜಾನೆ ಬಚ್ಚಲಲ್ಲಿ ರಕ್ತ ಕಾರಿದ.

"ಏನರೆ ಗುಳಗಿ ತಗೋತಿದ್ರೇನ್ರಿ?" ಸಾಂಗ್ಲಿಯ ದವಾಖಾನೆಯಲ್ಲಿ ಕೇಳಿದರು.

"ಇಲ್ರಿ. ನಾ ಕಾಸಿದ ಕಷಾಯ ಅಷ್ಟ," ಎಂದಳು.

ಸಂಜೆಗೆ ಅವನು ತೀರಿಹೋದ. ಅಂದಿನಿಂದ ಜಿನಮತಿ ಯಾರಿಗೂ ಸೊಪ್ಪು ಕೊಡಲಿಲ್ಲ. ಕಡೆಗೆ ಗಂಡನ ಗೆಳೆಯ ಬಾಳಾಸಾಹೇಬನನ್ನು ಕರೆದುಕೊಂಡು ಮಿರಜಕ್ಕೆ ಹೋದಳು.

"ಪರೀಕ್ಷಾ ನಿಲ್ಲಸ್ರಿ, ಡಾಕ್ಟರಬಾಯಿ. ನನ್ನ ತಪ್ಪಲ ನಮ್ಮ ಮನಿಯವರನ್ನ ತಿಂತು."

ಪರೀಕ್ಷೆ ನಡೆಸುತ್ತಿದ್ದ ಮರಾಠಿ ಡಾಕ್ಟರ್ ಸ್ವಪ್ನಾಲಿ ಕನ್ನಡಕ್ಕೆ ತಡವರಿಸಿದಳು. "ಕಾಕೂ, ಕುಡದವ್ರು ಬಾಕಿ ಎಲ್ಲಾ ಆರಾಮ ಅದಾರ. ಕಾಕಾಂದು ಕಡೀ ಸಲ ತಗೊಂಡ ರಕ್ತಾ ತಪಾಸ ಮಾಡಿಸಿದ್ವಿ. ಅದರಾಗ ಬ್ಯಾನಿ ಗುಳಗಿ ಇತ್ತು. ಭಾಳ ಇತ್ತು. ಉಪಾಶಿ ಹೊಟ್ಯಾಗ ಅವು ಹುಣ್ಣ ಮಾಡ್ತಾವ."

"ಅವರು ಗುಳಗಿ ಮುಟ್ಟತಿರಲಿಲ್ಲ."

ಬಾಳಾಸಾಹೇಬ ನೆಲ ನೋಡುತ್ತ ಹೇಳಿದ. "ನಾನ ತಂದ ಕೊಡ್ತಿದ್ನಿ, ವೈನಿ. ಕಷಾಯದಿಂದ ಬ್ಯಾನಿ ಏನೂ ಇಳೀವಲ್ದು ಅಂದ. ಆಕಿ ತಪ್ಪಲ ಊರ ಮುಂದ ನಪಾಸ ಆಗಬಾರ್ದೋ ಬಾಳ್ಯಾ, ಅಂದ."

ಜನ್ಮವಿಡೀ ಆ ಬೇಲಿಯನ್ನು ಹಂಗಿಸಿದ ಮನುಷ್ಯ.

"ಮತ್ತ ಬಸದ್ಯಾಗ ಕಾಲ ಮಡಚತಿದ್ರಲ್ಲ?" ಜಿನಮತಿ ಕೇಳಿದಳು.

"ಗುಳಗಿ ನುಂಗೇ ಹೋಗ್ತಿದ್ದ, ವೈನಿ."

ಮನೆಗೆ ಬಂದರೆ ನೆರೆಯ ಕಾಂಚನ ಬೇಲಿಯ ಹತ್ತಿರ ಮೊಣಕಾಲು ತಿಕ್ಕುತ್ತ ನಿಂತಿದ್ದಳು.

"ನಾಕ ತಪ್ಪಲ ಕೊಡ್ರಿ, ಕಾಕೂ. ಕಾಕಾನ ಮೊಣಕಾಲಿಗೆ ಗುಣಾ ಬಂದಂಗ ನನಗೂ ಬರಲಿ."

ಜಿನಮತಿ ಬೇಲಿ ಹಿಡಿದು ನಿಂತಳು.

"ಅವರಿಗೆ ಗುಣಾ ಬಂದಿರಲಿಲ್ಲ," ಎಂದಳು. "ದವಾಖಾನಿಗೆ ಹೋಗು."