ಸುಭಾನಿ ಮೆಲ್ಲಗೆ ಹಚ್ಚುತ್ತಿದ್ದ ಹಾಡುಗಳು

ನನ್ನ ಗೆಳೆಯ ಮೆಹಬೂಬಸುಭಾನಿ ತನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದು ಹಾಡನ್ನೂ ಎರಡೆರಡು ಸಲ ಇಟ್ಟುಕೊಂಡಿದ್ದ. ಒಂದು, ಮೆರವಣಿಗೆಯಲ್ಲಿ ಹುಡುಗರು ಕುಣಿಯುವುದಕ್ಕೆ. ಇನ್ನೊಂದು, ಆ ಮೆರವಣಿಗೆ ಹಾದುಹೋಗುವ ಓಣಿಯಲ್ಲಿ ಮಲಗಿರುವ ಬಾಣಂತಿಗೆ, ಜಡ್ಡಾದವರಿಗೆ, ಸಾವಾದ ಮನೆಯವರಿಗೆ. ಎರಡನೆಯದೂ ಅದೇ ಹಾಡು. ಎದೆಗೆ ಬಂದು ಗುದ್ದುವ ಧಿಮ್ ಎಂಬ ಸಪ್ಪಳವನ್ನಷ್ಟೇ ಅವನು ಅದರೊಳಗಿಂದ ತೆಗೆದಿರುತ್ತಿದ್ದ. ಗಜೇಂದ್ರಗಡದಿಂದ ನರಗುಂದದವರೆಗೆ ಇಷ್ಟು ವರ್ಷ ಡಿಜೆ ಹಚ್ಚಿದವನು ಹೀಗೊಂದು ಕೆಲಸ ಮಾಡಿಟ್ಟಿದ್ದಾನೆಂದು ನನಗೆ ತಿಳಿದದ್ದು ಅವನು ತೀರಿಕೊಂಡ ಮೇಲೆ. ತಿಳಿಯುವ ಹೊತ್ತಿಗೆ ಆ ಹಾಡುಗಳು ಹೆಚ್ಚುಕಡಿಮೆ ಅಳಿಸಿಹೋಗಿದ್ದವು.

ಅವನ ತಂದೆ ಬಾಬುಸಾಬರದು ಮೈಕ್‌ಸೆಟ್ಟಿನ ಉದ್ಯೋಗ. ಲಗ್ನದ ಮನೆಯ ಬೇವಿನ ಮರಕ್ಕೆ ತಗಡಿನ ಹಾರ್ನು ಕಟ್ಟಿ, ಬೆಳಕು ಹರಿಯುವುದರೊಳಗೆ ಮೊದಲ ಹಾಡು ಹಚ್ಚುತ್ತಿದ್ದರು. ಸುಭಾನಿ ಗಜೇಂದ್ರಗಡದ ಬಸ್ಸು ಹಿಡಿದು, ನಾನು ಸವಡಿಯಿಂದ ಸೈಕಲ್ ತುಳಿದು, ಇಬ್ಬರೂ ರೋಣದ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಹಿಂದಿನ ದಿನ ಲಗ್ನವಿದ್ದರೆ ಅವನು ಪಾಠ ನಡೆಯುವಾಗಲೇ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಓದು ನಡುವೆಯೇ ನಿಂತಿತು. ಅಪ್ಪನ ಹಾರ್ನುಗಳನ್ನು ಮನೆಯ ಅಟ್ಟಕ್ಕೇರಿಸಿ ದೊಡ್ಡ ಸ್ಪೀಕರ್ ಬಾಕ್ಸುಗಳನ್ನು ತಂದ. ಅವನ್ನು ಹೇರಿಕೊಂಡು ಊರೂರು ತಿರುಗಲು ರೋಣದ ದುರಗೇಶನ ಟ್ರ್ಯಾಕ್ಟರ್ ಜೊತೆಯಾಯಿತು. ಮುಂದೆ ದುರಗೇಶ ಗಾಡಿ ಹೊಡೆಯಬೇಕು, ಹಿಂದೆ ಟ್ರೇಲರಿನಲ್ಲಿ ಜನರೇಟರಿನ ಪಕ್ಕ ಕೂತು ಸುಭಾನಿ ಹಾಡು ಹಚ್ಚಬೇಕು. ಸಾಯುವವರೆಗೂ ಹಾಗೇ ನಡೆಯಿತು.

ಅವನನ್ನು ನೋಡಿದ ಯಾರಿಗೂ ಇವನು ಡಿಜೆ ಅನ್ನಿಸುತ್ತಿರಲಿಲ್ಲ. ಸಣಕಲು ಮೈ, ಫೋನಿನಲ್ಲಿ ಎರಡು ಸಲ ಕೇಳಿದರೂ ತಿಳಿಯದಷ್ಟು ಸಣ್ಣ ದನಿ. ಒಮ್ಮೆಯೂ ಕುಣಿದವನಲ್ಲ. ಒಪ್ಪಿಕೊಂಡ ಊರಿಗೆ ಹಿಂದಿನ ಸಂಜೆಯೇ ಹೋಗಿ, ಮೆರವಣಿಗೆಯ ದಾರಿಯನ್ನು ಒಮ್ಮೆ ನಡೆದು ಬರುತ್ತಿದ್ದ. ಚಹಾದ ಅಂಗಡಿಯಲ್ಲಿ ಕೂತು, ಯಾರ ಮನೆಯಲ್ಲಿ ಹೆರಿಗೆಯಾಗಿದೆ, ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ವಿಚಾರಿಸುತ್ತಿದ್ದ. ಇಟಗಿಯಲ್ಲಿ ಹೀಗೆ ಕೇಳುತ್ತ ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, "ತಮ್ಮಾ, ನೀ ಹಾಡ ಹಚ್ಚಾಕ ಬಂದೀಯೋ, ಪೋಲಿಯೋ ಹನಿ ಹಾಕಾಕ ಬಂದೀಯೋ?" ಅಂದಿದ್ದರಂತೆ. ದುರಗೇಶನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವನನ್ನು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯ ಹಾಗೆಂದು, ಆಶಾ ಬಾಯಿ ಎಂದೇ ಕರೆದ. ಸುಭಾನಿ ನಗುತ್ತಿದ್ದ, ವಿಚಾರಿಸುವುದನ್ನು ಮಾತ್ರ ಬಿಡಲಿಲ್ಲ.

ಅಂಥ ಮನೆಗಳ ಮುಂದೆ ಅವನು ಸಪ್ಪಳ ಇಳಿಸುತ್ತಾನೆಂದು ನನಗೂ ದುರಗೇಶನಿಗೂ ಗೊತ್ತಿತ್ತು. ಯಾವುದೋ ಗುಂಡಿ ತಿರುಗಿಸುತ್ತಾನೆ ಅಂದುಕೊಂಡಿದ್ದೆವು.

ಅವನ ಹಳೆಯ ಲ್ಯಾಪ್‌ಟಾಪಿಗೆ ಎಷ್ಟೋ ದಿನದಿಂದ ಅರೆಜೀವವಷ್ಟೇ ಉಳಿದಿತ್ತು. ಮುಚ್ಚಳದ ಕೀಲು ಮುರಿದಿತ್ತು. ಸ್ವಲ್ಪ ಕೆಲಸ ಕೊಟ್ಟರೆ ಕಾವು ಏರಿ ತಾನಾಗಿ ಆರಿಬಿಡುತ್ತಿತ್ತು. ಚಿಕ್ಕನರಗುಂದದ ಒಂದು ಮೆರವಣಿಗೆಯಲ್ಲಿ ನಟ್ಟನಡುವೆ ಹಾಗಾಗಿ, ಎತ್ತಿದ ಕೈ ಎತ್ತಿದಂತೆಯೇ ಹುಡುಗರು ನಿಂತುಬಿಟ್ಟಿದ್ದರು. ಆಮೇಲೆ ಅವನು ನರಗುಂದಕ್ಕೆ ಹೋಗಿ ಹೊಸದೊಂದನ್ನು ತಂದ. ಅದರ ಕೀಲಿಗಳ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯುವ ಮೊದಲೇ ಡೆಂಗ್ಯೂ ಜ್ವರ ಬಂತು. ಗದಗಿನ ದವಾಖಾನೆಯಲ್ಲಿ ಮಲಗಿದ್ದಾಗ ದುರಗೇಶನಿಗೆ ಹೇಳಿದ ಮಾತು ಒಂದೇ: "ಹಾಡೆಲ್ಲಾ ಹೊಸದಕ್ಕ ಹಾಕು. ಕರೆಪ್ಪಣ್ಣನ ಮನಿ ಲಗ್ನ ತಪ್ಪಿಸಬ್ಯಾಡ." ಮಗ್ಗ ನೇಯುವ ಕರೆಪ್ಪ ಅವರ ಓಣಿಯವನೇ. ಮಗಳು ಮಹೇಶ್ವರಿಯ ಲಗ್ನಕ್ಕೆ ಸುಭಾನಿಯೇ ಬರಬೇಕೆಂದು ಎಲ್ಲರಿಗಿಂತ ಮೊದಲು ಹೇಳಿಟ್ಟಿದ್ದ.

ಸುಭಾನಿ ಹಿಂದಿರುಗಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಇನ್ನೂ ಆಗುತ್ತಿಲ್ಲ.

ಹೇಳಿದ ಮಾತನ್ನು ದುರಗೇಶ ನಡೆಸಿದ. ಹಳೆಯದರಲ್ಲಿದ್ದ ಹಾಡುಗಳನ್ನೆಲ್ಲ ಹೊಸದಕ್ಕೆ ಹಾಕಿ ಡಿಜೆ ಸಾಫ್ಟ್‌ವೇರ್ ತೆರೆದಾಗ ಒಂದೂ ಹತ್ತಲಿಲ್ಲ. ಹೆಸರುಗಳೆಲ್ಲ ಕೆಂಪಾಗಿ ನಿಂತಿದ್ದವು. ಹಾಡು ಮೊದಲು ಇದ್ದ ಜಾಗವನ್ನೇ ಸಾಫ್ಟ್‌ವೇರ್ ನೆನಪಿಟ್ಟುಕೊಂಡಿರುತ್ತದೆ, ಜಾಗ ಬದಲಾದರೆ ಹಾಡು ಕಳೆದಿದೆ ಅನ್ನುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಯಾರ್ಯಾರನ್ನೋ ಕೇಳಿ, ಹಳೆಯದರಲ್ಲಿದ್ದಂತೆಯೇ ಹೊಸದರಲ್ಲೂ ಡಿ ಡ್ರೈವ್ ಮಾಡಿಕೊಂಡು, ಸಾಫ್ಟ್‌ವೇರ್ ತನ್ನ ನೆನಪನ್ನು ಇಟ್ಟುಕೊಂಡಿದ್ದ ಫೋಲ್ಡರನ್ನೂ ಜೊತೆಗೆ ತಂದು ಹಾಕಿದ. ಕೆಂಪು ಹೋಗಿ ಬಿಳಿಯಾಯಿತು. ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸಿದಷ್ಟು ಹೆಮ್ಮೆಯಿಂದ ಅದನ್ನು ತೋರಿಸಲು ಸುಭಾನಿಯ ಮನೆಗೆ ಬಂದ. ನಾನೂ ಅಲ್ಲಿದ್ದೆ.

ಸುಭಾನಿಯ ಹೆಂಡತಿ ಫರ್ಜಾನಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಎದುರು ಬರಬಾರದು. ಒಳಕೋಣೆಯ ಬಾಗಿಲಿಗೆ ಪರದೆ ಕಟ್ಟಿತ್ತು. ಅದರ ಹೊಸ್ತಿಲಲ್ಲಿ ಅತ್ತೆ ಮೈಮುನಬಿ ಕೂತಿದ್ದರು. ಫರ್ಜಾನಾಳ ಮಾತು ನಮಗೆ ನೇರವಾಗಿ ಕೇಳುತ್ತಿದ್ದರೂ ಅವರು ಪ್ರತಿಯೊಂದನ್ನೂ ಮತ್ತೊಮ್ಮೆ ಹೇಳುತ್ತಿದ್ದರು.

"ಅಬ್ಬಾ ಅಂತ ಒಂದ ಫೋಲ್ಡರ್ ಇತ್ತು. ಅದು ಬಂತೇನಂತ ಕೇಳ್ರಿ" ಎಂದಿತು ಪರದೆ.

"ಅಬ್ಬಾ ಅಂತ ಒಂದ ಫೋಲ್ಡರ್ ಇತ್ತಂತ. ಬಂತೇನೋ ದುರಗ್ಯಾ?" ಎಂದರು ಮೈಮುನಬಿ.

"ಅದರಾಗ ಎಲ್ಲಾ ಅವ ಹಾಡ ಇದ್ವು ಭಾಭಿ, ಜೋಡಿ ಜೋಡಿ. ಹೊಸದರಾಗ ಸುಮ್ನ ಜಾಗಾ ತಿಂತಿದ್ವು. ಒಂದ ಸಾಫ್ಟ್‌ವೇರ್ ಹಚ್ಚಿ ಎಲ್ಲಾ ಅಳಿಸಿ ಸ್ವಚ್ಛ ಮಾಡೀನಿ" ಎಂದ ದುರಗೇಶ.

ಮೈಮುನಬಿ ಸೊಸೆಯ ಕಡೆ ತಿರುಗಿದರು. ಆಮೇಲೆ ಫರ್ಜಾನಾ ಯಾರ ಮೂಲಕವೂ ಅಲ್ಲದೆ ತಾನೇ ಮಾತಾಡಿದಳು.

"ಅವು ಜೋಡಿ ಅಲ್ಲ ಅಣ್ಣಾ. ಅವು ಮೆಲ್ಲಗಿನವು."

ಉಳಿದದ್ದನ್ನು ನಮಗೆ ಹೇಳಿದವರು ಮೈಮುನಬಿ. ಬಾಬುಸಾಬರು ಹೃದಯದ ಕಾಯಿಲೆಯಿಂದ ಮಲಗಿದ್ದಾಗ ಬೇರೆ ಯಾರದೋ ಡಿಜೆ ಆ ಓಣಿಯಲ್ಲಿ ಹಾದುಹೋಯಿತು. ಗೋಡೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲಿನ ತಾಟುಗಳೆಲ್ಲ ಕಟಕಟ ಅಂದವು, ಒಂದು ಗಿಲಾಸು ಉರುಳಿ ಬಿತ್ತು. ಬಾಬುಸಾಬರು ಎದೆಯ ಮೇಲೆ ಕೈಯಿಟ್ಟುಕೊಂಡು ಅದು ದಾಟುವುದನ್ನೇ ಕಾದರು. ಆಮೇಲೆ ಮಗನನ್ನು ನೋಡಿ, "ಚಲೋ ಹಚ್ಚತಾನ. ಆದ್ರ ಮನಿ ಒಳಗ ಯಾಕ ಬರ್ತಾನ?" ಅಂದರಂತೆ. ಜೀವನವಿಡೀ ಊರಿಗೆ ಹಾಡು ಕೇಳಿಸಿದ ಮನುಷ್ಯ ಅವರು.

ತಂದೆ ತೀರಿದ ಮೇಲೆ ಸುಭಾನಿ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಒಂದು ಬಾಕ್ಸ್ ಇಟ್ಟುಕೊಂಡು ಕೂರತೊಡಗಿದ. ಬಾಕ್ಸಿನ ಮೇಲೊಂದು ತಾಟು, ತಾಟಿನಲ್ಲಿ ಫರ್ಜಾನಾ ತಂದುಕೊಟ್ಟ ಒಂದು ಚಿಟಿಕೆ ಜೋಳ. ಹಾಡು ಹಚ್ಚಿದರೆ ಕಾಳು ಕುಣಿಯುತ್ತಿದ್ದವು. ಧಿಮ್ ಸಪ್ಪಳವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಹಾಡುವವರ ದನಿಯನ್ನು ಹಾಗೇ ಉಳಿಸಿಕೊಳ್ಳುತ್ತ, ಕಾಳು ಕುಣಿಯುವುದು ನಿಲ್ಲುವವರೆಗೆ ತಿದ್ದುತ್ತಿದ್ದ. ನಿಂತ ಮೇಲೆ ಆ ಪ್ರತಿಯನ್ನು, ಅಪ್ಪನ ನೆನಪಿಗೆ ಅಬ್ಬಾ ಎಂದೇ ಹೆಸರಿಟ್ಟ ಫೋಲ್ಡರಿಗೆ ಹಾಕುತ್ತಿದ್ದ. ಗುಂಡಿ ತಿರುಗಿಸಿದರೆ ಆಗುವುದಿಲ್ಲವೇ ಎಂದು ಫರ್ಜಾನಾ ಒಮ್ಮೆ ಕೇಳಿದ್ದಳಂತೆ. ತಟ್ಟನೆ ಇಳಿಸಿದರೆ ಹುಡುಗರು ಕುಣಿಯುವುದನ್ನು ಬಿಟ್ಟು ಅದೇ ಮನೆಯ ಮುಂದೆ ನಿಂತು ಕೂಗಾಡುತ್ತಾರೆ ಎಂದು ಅವನು ಉತ್ತರ ಕೊಟ್ಟಿದ್ದ. "ಕುಣಿಯೋರಿಗೂ ಗೊತ್ತಾಗಬಾರದು, ಮಲಗಿದೋರಿಗೂ ಗೊತ್ತಾಗಬಾರದು" ಅಂದಿದ್ದನಂತೆ.

ಹಳೆಯ ಲ್ಯಾಪ್‌ಟಾಪ್ ಎಲ್ಲಿದೆ ಎಂದು ನಾನು ದುರಗೇಶನನ್ನು ಕೇಳಿದೆ. ರೋಣದಲ್ಲಿ ತನ್ನ ಮನೆಯಲ್ಲೇ ಇದೆ, ಎಲ್ಲ ಒರೆಸಿ ತಂಗಿಯ ಮಗಳಿಗೆ ಕೊಡಬೇಕೆಂದು ಇಟ್ಟಿದ್ದೇನೆ ಎಂದ.

"ಒರಸಿದೇನು?"

"ಇಲ್ಲ. ಚಾಲೂ ಮಾಡಿದ್ರ ಮೊದಲ ಅವನ ಫೋಟೋ ಬರತೈತಿ. ಹಾಡು ತಗೊಂಡ ಮ್ಯಾಲ ನನಗ ಮತ್ತ ಚಾಲೂ ಮಾಡಾಕ ಆಗಲಿಲ್ಲ."

ಮೈಮುನಬಿ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಹೋಗಿ ತಗೊಂಡ ಬಾ. ನಿಂತೀಯಲ್ಲ" ಎಂದರು.

ಅವನು ಬೈಕಿನಲ್ಲಿ ಹೋಗಿ ಮಧ್ಯಾಹ್ನದೊಳಗೆ ತಂದ. ಶುರುವಾದಾಗ ಸುಭಾನಿಯ ಮುಖ ಬಂತು. ಇಟಗಿಯ ಯಾವುದೋ ಚಹಾದಂಗಡಿಯ ಮುಂದೆ ಕಪ್ಪು-ಬಸಿ ಹಿಡಿದು ನಿಂತಿದ್ದ. ದುರಗೇಶ ಆ ಕಡೆ ನೋಡದೆ ವೈರು ಜೋಡಿಸಿದ. ಅಬ್ಬಾ ಫೋಲ್ಡರ್ ಅಲ್ಲೇ ಇತ್ತು. ಕಾಪಿ ಶುರುವಾಗಿ ಅರ್ಧಕ್ಕೂ ಬರುವ ಮೊದಲೇ ಯಂತ್ರ ಕಾವು ಏರಿ ಆರಿತು. ತಣ್ಣಗಾಗಲು ಬಿಟ್ಟು ಮತ್ತೆ ಹಚ್ಚಿದೆವು, ಮತ್ತೆ ಆರಿತು. ಪ್ರತಿ ಸಲ ಏಳುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಮುಂದಿನ ಸಲ ಏಳದೇ ಇದ್ದರೆ ಆ ಹಾಡುಗಳು ಇನ್ನೆಲ್ಲೂ ಇಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೈಮುನಬಿ ಎದ್ದು ಹೋಗಿ ಒಂದು ತಾಟು ತಂದು ಬೋರಲು ಹಾಕಿದರು. ಲ್ಯಾಪ್‌ಟಾಪನ್ನು ಅದರ ಮೇಲಿಡಲು ಹೇಳಿ, ಗೋಡೆಗೆ ಸಿಕ್ಕಿಸಿದ್ದ ಬೀಸಣಿಕೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಬೀಸತೊಡಗಿದರು. ಫ್ಯಾನು ತರುತ್ತೇನೆಂದು ದುರಗೇಶ ಎದ್ದರೆ, ಕೂಡು ಎಂದರು. ಒಂದೇ ಸಲ ಎಲ್ಲ ಹಾಡು ಹೊರಿಸಬೇಡಿ, ಸ್ವಲ್ಪ ಸ್ವಲ್ಪ ಕಳಿಸಿರಿ ಎಂದು ಪರದೆಯ ಹಿಂದಿನಿಂದ ಫರ್ಜಾನಾ ಹೇಳಿದಳು. ಹಾಗೇ ಮಾಡಿದೆವು. ಒಂದು ಗುಂಪು ಹೋಗುವುದು, ನಿಲ್ಲಿಸುವುದು, ಮೈಮುನಬಿ ಅಂಗೈಯಿಂದ ಅದರ ಬೆನ್ನು ಮುಟ್ಟಿ ನೋಡುವುದು. "ಇನ್ನೂ ಸುಡ್ತೈತಿ. ತಡೀರಿ" ಅನ್ನುವುದು. ಆಮೇಲೆ ಇನ್ನೊಂದು ಗುಂಪು. ಕೈ ಸೋತಾಗ ಬೀಸಣಿಕೆ ನನಗೆ ಬಂತು, ನನ್ನಿಂದ ದುರಗೇಶನಿಗೆ ಹೋಯಿತು. ಬಿಸಿಲು ಅಂಗಳ ದಾಟುವ ಹೊತ್ತಿಗೆ ಕೊನೆಯ ಹಾಡೂ ಬಂದಿತು.

ಹಳೆಯದರಲ್ಲಿದ್ದ ಸಾಫ್ಟ್‌ವೇರಿನ ನೆನಪಿನ ಫೋಲ್ಡರನ್ನೂ ಮತ್ತೊಮ್ಮೆ ಪೂರ್ತಿಯಾಗಿ ತಂದು ಹೊಸದರಲ್ಲಿ ತೆರೆದಾಗ ದುರಗೇಶ ಪರದೆಗೆ, ಅಂದರೆ ಲ್ಯಾಪ್‌ಟಾಪಿನ ಪರದೆಗೆ, ಮುಖ ಹತ್ತಿರ ತಂದ. ಒಂದು ಹಾಡಿನ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟ. ಎರಡರಲ್ಲೂ ಅದೇ ಅದೇ ಜಾಗಗಳಲ್ಲಿ ಸುಭಾನಿ ನೀಲಿ ಗುರುತು ಹಾಕಿದ್ದ. ಒಂದರಿಂದ ಇನ್ನೊಂದಕ್ಕೆ ಅಲ್ಲಿ ಜಿಗಿದರೆ ತಾಳ ತಪ್ಪುವುದಿಲ್ಲ. ದುರಗೇಶ ಜಿಗಿದು ನೋಡಿದ. ಹಾಡು ಎಲ್ಲೂ ಮುರಿಯಲಿಲ್ಲ, ನೆಲದ ಅದುರು ಮಾತ್ರ ಹೋಯಿತು.

"ಇಷ್ಟ ವರ್ಷ ಮುಂದ ಕುಂತು ಗಾಡಿ ಹೊಡದೆ. ಹಿಂದ ಕುಂತು ಅವ ಇದನ್ನ ಮಾಡ್ತಿದ್ದ. ನಾ ಅವಗ ಆಶಾ ಬಾಯಿ ಅಂತಿದ್ದೆ" ಎಂದ.

"ಮನಿಗೆ ಬಂದು ಆ ಹೆಸರ ಹೇಳಿ ಭಾಳ ನಗತಿದ್ದ" ಎಂದಳು ಫರ್ಜಾನಾ.

ಲಗ್ನ ಹತ್ತಿರ ಬಂದಾಗ, ನಾನು ಅಲ್ಲಿದ್ದ ಒಂದು ದಿನ, ಕರೆಪ್ಪ ಸುಭಾನಿಯ ಮನೆಗೆ ಬಂದ. ಕೂರಲೂ ಒಲ್ಲೆನೆಂದು ಬಾಗಿಲಲ್ಲೇ ನಿಂತ. ಮೆರವಣಿಗೆಗೆ ಬೇರೆ ದಾರಿಯಿಲ್ಲ, ಹನುಮಪ್ಪನ ಗುಡಿಯಿಂದ ಈ ಓಣಿಯಲ್ಲೇ ಬರಬೇಕು. "ಅಕ್ಕಾರ, ಮೂಲಿಗೆ ಬರೂದ್ರಾಗ ಎಲ್ಲಾ ಬಂದ್ ಮಾಡಸ್ತೀನ್ರಿ. ನಿಮ್ಮ ಮನಿ ದಾಟೂತನಾ ಒಂದ ಸಪ್ಪಳ ಆಗೂದಿಲ್ಲ" ಎಂದ. ಸಾವಾದ ಮನೆಯ ಮುಂದೆ ಬಾಜಾ ನಿಲ್ಲಿಸುವುದು ನಮ್ಮ ಕಡೆ ಎಲ್ಲರೂ ನಡೆಸುವ ಪದ್ಧತಿ. ಯಾರೂ ಹೇಳಿ ಮಾಡಿಸಬೇಕಿಲ್ಲ.

ಮೈಮುನಬಿ ಪರದೆಯ ಕಡೆ ನೋಡಿದರು. ಒಳಗಿನಿಂದ ಫರ್ಜಾನಾ ಏನೋ ಸಣ್ಣಗೆ ಹೇಳಿದಳು. ಅದು ನಮಗೆ ಕೇಳಿಸಲಿಲ್ಲ. ಈ ಸಲ ಮೈಮುನಬಿ ಹೇಳಿದ್ದು ಸೊಸೆಯ ಮಾತೋ ತಮ್ಮದೋ ನನಗೆ ಗೊತ್ತಿಲ್ಲ.

"ಬಂದ್ ಮಾಡಬ್ಯಾಡ್ರಿ. ದುರಗ್ಯಾಗ ಹೇಳ್ರಿ, ಒಳಗ ಅವನ ದೋಸ್ತ ಮಲಗ್ಯಾನ ಅಂತ ತಿಳಕೊಂಡು ಹಚ್ಚಲಿ."

ಲಗ್ನದ ಸಂಜೆ ದುರಗೇಶ ಗಾಡಿ ಹೊಡೆಯಲು ಬೇರೊಬ್ಬನನ್ನು ಕೂರಿಸಿ, ತಾನು ಹಿಂದೆ ಟ್ರೇಲರಿನಲ್ಲಿ ಸುಭಾನಿಯ ಜಾಗದಲ್ಲಿ ಕೂತ. ನಾನು ಮೆರವಣಿಗೆಗೆ ಹೋಗಲಿಲ್ಲ. ಮೈಮುನಬಿಯ ಜೊತೆ ಪಡಸಾಲೆಯಲ್ಲಿ ಕೂತಿದ್ದೆ. ಗುಡಿಯ ಕಡೆಯಿಂದ ಧಿಮ್ ಧಿಮ್ ಎಂದು ಬರುತ್ತಿದ್ದದ್ದು ಹತ್ತಿರವಾಗುತ್ತ ಬಂತು. ಸ್ಟ್ಯಾಂಡಿನಲ್ಲಿ ಒಂದು ತಾಟು ಕಟ್ ಅಂದಿತು. ಮೈಮುನಬಿ ಅದನ್ನೇ ನೋಡುತ್ತಿದ್ದರು. ಮೂಲೆಗೆ ಬಂದಿರಬೇಕು, ತಾಟು ಸುಮ್ಮನಾಯಿತು. ಹಾಡು ಹಾಗೇ ನಡೆದಿತ್ತು. ಬಾಗಿಲ ಸಂದಿಯಿಂದ ಬಣ್ಣದ ಬೆಳಕು ಗೋಡೆಯ ಮೇಲೆ ಹಾದುಹೋಯಿತು. ಹುಡುಗರ ಕಾಲುಗಳ ಸಪ್ಪಳ, ಒಬ್ಬನ ಸಿಳ್ಳೆ, ಟ್ರ್ಯಾಕ್ಟರಿನ ಗುರುಗುರು ಎಲ್ಲ ಕೇಳುತ್ತಿತ್ತು. ಯಾರೂ ಕುಣಿತ ನಿಲ್ಲಿಸಲಿಲ್ಲ. ಹಾಡಿನ ಒಂದೊಂದು ಮಾತೂ ಸ್ಪಷ್ಟವಾಗಿತ್ತು. ಪರದೆಯ ಹಿಂದೆ ಫರ್ಜಾನಾಳ ಬಳೆಯಿಲ್ಲದ ಕೈ ಗೋಡೆಗೆ ಒರಗಿದ್ದು ಕೆಳಗಿನ ಸಂದಿಯಲ್ಲಿ ಕಂಡಿತು.

ಮೆರವಣಿಗೆ ದಾಟುತ್ತ ಹೋಯಿತು. ನಾವು ಮೂವರೂ ಕೇಳುತ್ತಿದ್ದೆವು. ದೂರದಲ್ಲಿ, ಕರೆಪ್ಪನ ಮನೆಯ ಕಡೆ, ಧಿಮ್ ಸಪ್ಪಳ ಮತ್ತೆ ಎದ್ದಿತು.

"ಮುಂದಿನ ಮೂಲಿ ದಾಟಿದ್ರು ನೋಡು" ಎಂದರು ಮೈಮುನಬಿ, ಮತ್ತು ಚಹಾ ಇಡಲು ಎದ್ದರು.